ವಜ್ರ ಬಿಟ್ಟು ಗಾಜು ಹಿಡಿದ ಅಕ್ಕಸಾಲಿಗ

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಅಜ್ಜಿಯ ಪೆಟ್ಟಿಗೆಯಿಂದ ಹಳೆಯ ಒಡವೆಗಳು ಹೊರಬರುತ್ತವೆ. ಸವೆದ ಕಟ್ಟಾಣಿ, ಕೊಂಡಿ ಮುರಿದ ಪದಕ, ಜೋಡಿ ಕಳೆದುಕೊಂಡ ಒಂಟಿ ಓಲೆ, ಎಲ್ಲವೂ ಅಕ್ಕಸಾಲಿಗನ ತಕ್ಕಡಿ ಏರುತ್ತವೆ. ಹರಳು ಕಿತ್ತು, ಒಳಗಿನ ಅರಗು ತೆಗೆದು, ಸವಕಳಿ ಕಳೆದು, ಉಳಿದ ಚಿನ್ನಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಅವೆಲ್ಲ ಮೂಸೆಯಲ್ಲಿ ಕರಗಿ ಒಂದೇ ಗಟ್ಟಿಯಾಗಿರುತ್ತವೆ. ಎಂದೋ ಯಾರೋ ಕುಶಲಕರ್ಮಿ ದೀಪದ ಬೆಳಕಿನಲ್ಲಿ ಕಣ್ಣು ಕೀಲಿಸಿ ಕೆತ್ತಿದ ಹೂಬಳ್ಳಿಗೆ ಆ ಲೆಕ್ಕದಲ್ಲಿ ಒಂದು ಗುಲಗಂಜಿಯಷ್ಟೂ ತೂಕವಿಲ್ಲ.

ಹಾಗಾದರೆ ಒಡವೆಯ ಬೆಲೆ ಇರುವುದೆಲ್ಲಿ? ಅದರ ತೂಕದಲ್ಲೋ, ಅದನ್ನು ಮಾಡಿದ ಕೈಯಲ್ಲೋ?

ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ ಒಬ್ಬಾತ ಕೇಳಿದ. ಬಾಯಿಂದ ಕೇಳಲಿಲ್ಲ, ಕೆಲಸದಿಂದ ಕೇಳಿದ. ಆತನ ಹೆಸರು ರೆನೆ ಲಾಲೀಕ್.

1900ರಲ್ಲಿ ಪ್ಯಾರಿಸ್‌ನಲ್ಲಿ ಜಗತ್ತಿನ ದೊಡ್ಡ ವಸ್ತುಪ್ರದರ್ಶನವೊಂದು ನಡೆಯಿತು. ಅದಕ್ಕೆ ಬಂದುಹೋದವರ ಸಂಖ್ಯೆ ಸುಮಾರು 5 ಕೋಟಿ. ಅಲ್ಲಿ ಆಭರಣಗಳ ಮಳಿಗೆಗಳಿಗೇನೂ ಕೊರತೆಯಿರಲಿಲ್ಲ. ಅಂಗೈ ತುಂಬುವ ವಜ್ರದ ಹಾರಗಳಿದ್ದವು. ಆದರೆ ಜನ ಮುಗಿಬಿದ್ದದ್ದು ಲಾಲೀಕನ ಮಳಿಗೆಗೆ. ಅಲ್ಲಿದ್ದದ್ದೇನು? ದನದ ಕೊಂಬಿನಲ್ಲಿ ಕೊರೆದ ಬಾಚಣಿಗೆ, ಗಾಜಿನ ಎಲೆ, ಮೀನಾ ಹಾಕಿದ ಕಣಜ, ಜೀರುಂಡೆ, ಹಾವು, ಬಾವಲಿ! ರಾಜಮನೆತನದ ಹೆಂಗಸರು ಕೊರಳಿಗೆ ಹಾಕುವ ಒಡವೆಯಲ್ಲಿ ಹುಳುಹುಪ್ಪಟೆ! ನೋಡಿದವರು ಬೆರಗಾದರು, ಕೆಲವರು ಮೂಗೂ ಮುರಿದರು. ಆದರೆ ಆ ಪ್ರದರ್ಶನ ಮುಗಿಯುವ ಹೊತ್ತಿಗೆ ಲಾಲೀಕನ ಹೆಸರು ಯೂರೋಪಿನ ಮನೆಮಾತಾಗಿತ್ತು.

ಆಯಿ ಎಂಬ ಊರಿನ ಹುಡುಗ

ರೆನೆ ಲಾಲೀಕ್ ಹುಟ್ಟಿದ್ದು 1860ರ ಏಪ್ರಿಲ್ 6ರಂದು, ಫ್ರಾನ್ಸ್ ದೇಶದ ಶಾಂಪೇನ್ ಸೀಮೆಯ ಆಯಿ ಎಂಬ ಸಣ್ಣ ಊರಿನಲ್ಲಿ. ಸುತ್ತಲೂ ದ್ರಾಕ್ಷಿ ತೋಟಗಳು, ಪಕ್ಕದಲ್ಲೇ ಮಾರ್ನ್ ನದಿ. ತಂದೆ ವ್ಯಾಪಾರಿ. ಮಗು ಚಿಕ್ಕದಿರುವಾಗಲೇ ಸಂಸಾರ ಪ್ಯಾರಿಸ್‌ನ ಹೊರವಲಯಕ್ಕೆ ಬಂದು ನೆಲೆಸಿತು. ಆದರೆ ರಜೆ ಬಂತೆಂದರೆ ಹುಡುಗ ಆಯಿಗೆ ಓಡುತ್ತಿದ್ದ. ನಮ್ಮ ಮಕ್ಕಳು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುವುದಿಲ್ಲವೇ, ಹಾಗೆ. ತೋಟದ ಬೇಲಿ, ಹೊಳೆಯ ದಂಡೆ, ಹುಲ್ಲಿನ ಮೇಲೆ ಕುಳಿತ ಮಿಡತೆ, ಜೊಂಡಿನ ತುದಿಯಲ್ಲಿ ತೂಗುವ ಏರೋಪ್ಲೇನ್ ಚಿಟ್ಟೆ, ಇವೇ ಅವನ ಮೊದಲ ಪಠ್ಯಪುಸ್ತಕ.

ಶಾಲೆಯಲ್ಲಿ ಅವನಿಗೆ ಚಿತ್ರಕಲೆಯ ಪಾಠವಿತ್ತು. 12ನೆಯ ವಯಸ್ಸಿಗೇ ಚಿತ್ರ ಬಿಡಿಸಿ ಬಹುಮಾನ ಪಡೆದ. ಅಷ್ಟರಲ್ಲಿ ಮನೆಗೆ ಕಷ್ಟ ಬಂತು. 1876ರಲ್ಲಿ, ರೆನೆಗೆ 16 ವರ್ಷವಾಗಿದ್ದಾಗ, ತಂದೆ ತೀರಿಕೊಂಡರು.

ದುಡಿಯುವ ಕೈ ಹೋದ ಮನೆಯಲ್ಲಿ ಚಿತ್ರ ಬರೆಯುವ ಮಗನನ್ನು ಏನು ಮಾಡುವುದು? ಈ ಚಿಂತೆ ಯಾವ ದೇಶದ ತಾಯಿಗೂ ಹೊಸದಲ್ಲ. ‘ಚಿತ್ರ ಬಿಡಿಸಿದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಬಣ್ಣದ ಪೆಟ್ಟಿಗೆ ಕಿತ್ತಿಟ್ಟು, ಯಾವುದಾದರೂ ಅಂಗಡಿಯ ಲೆಕ್ಕ ಬರೆಯಲು ಕಳುಹಿಸಿದ್ದರೆ ಆ ತಾಯಿಯನ್ನು ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ರೆನೆಯನ್ನು ಕಳುಹಿಸಿದ್ದು ಪ್ಯಾರಿಸ್‌ನ ಹೆಸರಾಂತ ಆಭರಣ ತಯಾರಕ ಲೂಯಿ ಓಕಾಕ್ ಬಳಿಗೆ, ಕೆಲಸ ಕಲಿಯಲು. ಹಗಲು ಅಲ್ಲಿ ಚಿನ್ನ ಕಾಯಿಸಿ, ಬಡಿದು, ಅರದಿಂದ ಉಜ್ಜಿ, ಬೆಸುಗೆ ಹಾಕುವುದನ್ನು ಕಲಿತ. ಸಂಜೆ ಕಲಾಶಾಲೆಗೆ ಹೋಗಿ ಚಿತ್ರಾಭ್ಯಾಸ ಮುಂದುವರಿಸಿದ. ಹೊಟ್ಟೆಪಾಡಿಗೊಂದು ಕಸುಬು, ಕಸುಬಿಗೆ ಬೆನ್ನೆಲುಬಾಗಿ ಚಿತ್ರಕಲೆ. ಎರಡನ್ನೂ ಬಿಡಲಿಲ್ಲ.

1878ರಲ್ಲಿ ಆತ ಲಂಡನ್ನಿಗೆ ಹೋಗಿ, ಸಿಡೆನ್‌ಹ್ಯಾಂನ ಕಲಾಶಾಲೆಯಲ್ಲಿ ಎರಡು ವರ್ಷ ಕಲಿತ. ಆ ಕಾಲಕ್ಕೆ ಸಿಡೆನ್‌ಹ್ಯಾಂ ಪ್ರಸಿದ್ಧವಾಗಿದ್ದದ್ದು ‘ಕ್ರಿಸ್ಟಲ್ ಪ್ಯಾಲೇಸ್’ ಎಂಬ ಕಟ್ಟಡದಿಂದ. 1851ರ ಪ್ರದರ್ಶನಕ್ಕಾಗಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಕಟ್ಟಿದ ಅರಮನೆ ಅದು. ಮುಂದೆ ಅದನ್ನು ಬಿಚ್ಚಿ ತಂದು ಸಿಡೆನ್‌ಹ್ಯಾಂನಲ್ಲಿ ಮತ್ತೆ ನಿಲ್ಲಿಸಿದ್ದರು. 1936ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಅದು ಅಲ್ಲೇ ಇತ್ತು. ಮುಂದೊಂದು ದಿನ ಗಾಜಿನಿಂದಲೇ ಹೆಸರು ಮಾಡಲಿದ್ದ ಹುಡುಗ ತನ್ನ ಎರಡು ವರ್ಷಗಳನ್ನು ಕಳೆದದ್ದು ಈ ಗಾಜಿನ ಅರಮನೆ ಇದ್ದ ಊರಿನಲ್ಲಿ.

ಪ್ಯಾರಿಸ್‌ಗೆ ಮರಳಿದ ಮೇಲೆ ಕೆಲವು ವರ್ಷ ಕಾರ್ಟಿಯೇ, ಬುಶೆರಾನ್ ಮುಂತಾದ ದೊಡ್ಡ ಅಂಗಡಿಗಳಿಗೆ ವಿನ್ಯಾಸ ಬರೆದುಕೊಟ್ಟ. ಒಡವೆ ಮಾರಾಟವಾಗುತ್ತಿದ್ದದ್ದು ಅಂಗಡಿಯ ಹೆಸರಿನಲ್ಲಿ. ವಿನ್ಯಾಸಕಾರ ಯಾರೆಂದು ಗಿರಾಕಿಗಳಿಗೆ ಗೊತ್ತಾಗುತ್ತಿರಲಿಲ್ಲ. 1885ರಲ್ಲಿ, 25ರ ಪ್ರಾಯದಲ್ಲಿ, ಇನ್ನೊಬ್ಬರು ನಡೆಸುತ್ತಿದ್ದ ಕಾರ್ಖಾನೆಯೊಂದನ್ನು ವಹಿಸಿಕೊಂಡು ಸ್ವತಂತ್ರನಾದ. ಆತನೊಬ್ಬನೇ ಎಲ್ಲವನ್ನೂ ಮಾಡಿದನೆಂದು ತಿಳಿಯಬಾರದು. ಕೆಲಸ ಬೆಳೆದಂತೆ ಕೆತ್ತುವವರು, ಮೀನಾ ಹಾಕುವವರು, ಹರಳು ಕೂರಿಸುವವರು ಎಂದು ಹತ್ತಾರು ಕುಶಲಕರ್ಮಿಗಳು ಆತನ ಜತೆ ದುಡಿದರು. ಕಾಗದದ ಮೇಲಿನ ಗೆರೆ ಅವನದು. ಆ ಗೆರೆಯನ್ನು ಕೈಯಿಂದ ಹೇಗೆ ಮಾಡಬಹುದೆಂಬ ಅರಿವೂ ಅವನಿಗಿತ್ತು. ಅಷ್ಟು ವರ್ಷ ಬೆಂಚಿನ ಮೇಲೆ ಕುಳಿತು ಕಲಿತದ್ದರ ಫಲ ಅದು.

ಹುಳುಗಳಲ್ಲಿ ಕಂಡ ಚೆಲುವು

ಆಗಿನ ಆಭರಣಗಳ ರೀತಿಯೇ ಬೇರೆ. ದಕ್ಷಿಣ ಆಫ್ರಿಕದಲ್ಲಿ 1860ರ ದಶಕದ ಕೊನೆಯಲ್ಲಿ ವಜ್ರದ ನಿಕ್ಷೇಪಗಳು ಸಿಕ್ಕಿದ್ದರಿಂದ ಪೇಟೆಯಲ್ಲಿ ವಜ್ರ ಹೇರಳವಾಗಿತ್ತು. ಒಡವೆ ಎಂದರೆ ಆದಷ್ಟು ವಜ್ರಗಳನ್ನು ಒತ್ತೊತ್ತಾಗಿ ಕೂರಿಸುವುದು. ಲೋಹ ಕಾಣಿಸಬಾರದು, ಕೆಲಸ ಕಾಣಿಸಬಾರದು, ಹಣ ಕಾಣಿಸಬೇಕು! ಲಾಲೀಕ್ ಈ ಪದ್ಧತಿಗೆ ಬೆನ್ನು ತಿರುಗಿಸಿದ. ವಜ್ರವನ್ನು ಪೂರ್ತಿ ಬಿಡಲಿಲ್ಲ. ಎಲೆಯ ಅಂಚಿನಲ್ಲಿ ಇಬ್ಬನಿಯ ಹನಿಯಂತೆ, ಬೇಕಾದಷ್ಟೇ ಬಳಸಿದ.

ಅವನಿಗೆ ಸ್ಫೂರ್ತಿ ಬಂದದ್ದು ಎರಡು ಕಡೆಗಳಿಂದ. ಒಂದು, ಬಾಲ್ಯದ ಆಯಿ. ಇನ್ನೊಂದು, ದೂರದ ಜಪಾನ್. ಶತಮಾನಗಳ ಕಾಲ ಬಾಗಿಲು ಹಾಕಿಕೊಂಡಿದ್ದ ಜಪಾನ್ 1850ರ ದಶಕದಲ್ಲಿ ಹೊರಜಗತ್ತಿನ ವ್ಯಾಪಾರಕ್ಕೆ ತೆರೆದುಕೊಂಡ ಮೇಲೆ, ಅಲ್ಲಿನ ಅಚ್ಚುಚಿತ್ರಗಳೂ ಬಾಚಣಿಗೆಗಳೂ ಪ್ಯಾರಿಸ್‌ನ ಅಂಗಡಿಗಳಿಗೆ ಬಂದವು. ಜಪಾನೀ ಕಲಾವಿದರು ಒಂದು ಮಿಡತೆಯನ್ನೂ ಒಂದು ಹುಲ್ಲಿನ ಎಸಳನ್ನೂ ದೇವರ ಚಿತ್ರ ಬರೆಯುವಷ್ಟೇ ಶ್ರದ್ಧೆಯಿಂದ ಬರೆಯುತ್ತಿದ್ದರು. ಎಡಬಲ ಒಂದೇ ಅಳತೆ ಇರಲೇಬೇಕೆಂಬ ಹಟವೂ ಅವರಿಗಿರಲಿಲ್ಲ. ಲಾಲೀಕನಂತಹ ತರುಣರಿಗೆ ಇದು ಹೊಸ ದಾರಿ ತೋರಿತು.

ಆತ ಆರಿಸಿದ ಗಿಡಗಳನ್ನು ನೋಡಿ. ಗುಲಾಬಿ, ಲಿಲ್ಲಿಗಳು ಯಾರಿಗೂ ಹೊಳೆಯುತ್ತವೆ. ಲಾಲೀಕ್ ಮುಳ್ಳುಗಿಡ, ಕಾಡುಬೀಜದ ಗೊಂಚಲು, ಪೈನ್ ಮರದ ಕಾಯಿ, ಗೋಧಿಯ ತೆನೆಗಳನ್ನೂ ಆರಿಸಿದ. ಹೂವು ಮೊಗ್ಗಾಗಿರುವಾಗ ಮಾತ್ರವಲ್ಲ, ಬಾಡಿ ಎಸಳು ಸುರುಟಿದಾಗಲೂ ಬರೆದ. ಕೊತ್ತಂಬರಿ ಗಿಡ ಹೂಬಿಟ್ಟಾಗ ಒಂದೇ ಕಡೆಯಿಂದ ಕೊಡೆಯ ಕಡ್ಡಿಗಳಂತೆ ಹರಡುವ ಹೂಗೊಂಚಲನ್ನು ನೀವು ನೋಡಿರಬಹುದು. ಅದೇ ಕುಟುಂಬದ ಕಾಡುಗಿಡವೊಂದರ ಹೂಗೊಂಚಲು ಲಾಲೀಕನ ಕೈಯಲ್ಲಿ ಕೊಂಬಿನ ಬಾಚಣಿಗೆಯಾಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಜೀವಶಾಸ್ತ್ರದ ರೆಕಾರ್ಡ್ ಪುಸ್ತಕಕ್ಕೆ ದಾಸವಾಳದ ಚಿತ್ರ ಬರೆಯುವಾಗ ಎಷ್ಟು ಜನ ದಾಸವಾಳವನ್ನು ಎದುರಿಗಿಟ್ಟುಕೊಳ್ಳುತ್ತಾರೆ? ಹಿತ್ತಲಲ್ಲಿ ಹೂ ಇದ್ದರೂ ಗೆಳೆಯನ ಪುಸ್ತಕ ನೋಡಿ ಬರೆಯುವವರೇ ಹೆಚ್ಚು. ಅಂಕಗಳೇನೋ ಬರುತ್ತವೆ. ಆದರೆ ಕೇಸರದ ಕೊಳವೆಯೊಳಗಿಂದ ಶಲಾಕೆ ಹೇಗೆ ಹೊರಬರುತ್ತದೆ, ಶಲಾಗ್ರ ಐದಾಗಿ ಹೇಗೆ ಕವಲೊಡೆಯುತ್ತದೆ ಎಂಬುದು ಹೂವನ್ನು ನೋಡಿ ಬರೆದವನಿಗೆ ಮಾತ್ರ ಮರೆಯುವುದಿಲ್ಲ. ಚಿತ್ರ ಬರೆಯುವುದೆಂದರೆ ಎರಡು ಸಲ ನೋಡುವುದು. ಲಾಲೀಕನ ಬಂಡವಾಳವೆಲ್ಲ ಇದೇ.

ಬೆನ್ನಿಲ್ಲದ ಮೀನಾ

ಲಾಲೀಕನ ಆಭರಣಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು 1897–98ರ ಹೊತ್ತಿಗೆ ಮಾಡಿದ ಒಂದು ಎದೆಪದಕ. ಅಗಲ ಸುಮಾರು 27 ಸೆಂಟಿಮೀಟರ್, ಅಂದರೆ ಶಾಲೆಯ ಅಡಿಪಟ್ಟಿಗಿಂತ ತುಸು ಕಡಿಮೆ! ಏರೋಪ್ಲೇನ್ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ನಿಂತಿದೆ. ಅದರ ಬಾಯಿಯಿಂದ ಹಸಿರು ಕಲ್ಲಿನಲ್ಲಿ ಕೆತ್ತಿದ ಹೆಣ್ಣಿನ ಅರ್ಧದೇಹ ಹೊರಬಂದಿದೆ. ಕೈಗಳಿರಬೇಕಾದ ಕಡೆ ರೆಕ್ಕೆಗಳಿವೆ. ಕೆಳಗೆ ಚಿನ್ನದ ದೊಡ್ಡ ಉಗುರುಗಳ ಪಂಜಗಳು. ಹುಳು ಆ ಹೆಣ್ಣನ್ನು ನುಂಗುತ್ತಿದೆಯೋ, ಹುಳುವಿನಿಂದ ಆಕೆ ಹುಟ್ಟಿಬರುತ್ತಿದ್ದಾಳೋ, ನೋಡುವವರ ಎಣಿಕೆಗೆ ಬಿಟ್ಟದ್ದು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆದು, ಒಂದು ದಿನ ಜೊಂಡು ಹತ್ತಿ, ಹಳೆಯ ಚರ್ಮದ ಬೆನ್ನು ಸೀಳಿಕೊಂಡು ರೆಕ್ಕೆಯೊಂದಿಗೆ ಹೊರಬರುವುದನ್ನು ಕೆರೆಯ ದಂಡೆಯಲ್ಲಿ ನೋಡಿದವರಿಗೆ ಈ ಒಡವೆ ಅಷ್ಟೇನೂ ವಿಚಿತ್ರವೆನಿಸದು.

ಈ ಪದಕದ ರೆಕ್ಕೆಗಳಲ್ಲೇ ಲಾಲೀಕನ ವಿದ್ಯೆಯೆಲ್ಲ ಅಡಗಿದೆ. ಅವು ಬಣ್ಣದ ಕಿಟಕಿಗಳಂತೆ ಪಾರದರ್ಶಕ. ಹಿಂದಿನಿಂದ ಬೆಳಕು ಬಿದ್ದರೆ ಬೆಳಗುತ್ತವೆ. ಇದು ಹೇಗೆ ಸಾಧ್ಯವಾಯಿತು?

ಮೀನಾ ಕೆಲಸವೆಂದರೆ ಮೂಲತಃ ಗಾಜಿನ ಕೆಲಸ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಲೋಹದ ಮೇಲೆ ಹಚ್ಚಿ ಕುಲುಮೆಯಲ್ಲಿಟ್ಟರೆ ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪುಡಿ ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಗಾಜಿಗೆ ಬಣ್ಣ ಕೊಡುವುದು ಲೋಹದ ಸಂಯುಕ್ತಗಳು. ಕೋಬಾಲ್ಟ್ ಬೆರೆತರೆ ಕಡುನೀಲಿ, ತಾಮ್ರ ಬೆರೆತರೆ ಹಸಿರು ಅಥವಾ ತಿಳಿನೀಲಿ, ಮ್ಯಾಂಗನೀಸ್ ಬೆರೆತರೆ ನೇರಳೆ. ಚಿನ್ನದ ಅತಿ ಸೂಕ್ಷ್ಮ ಕಣಗಳಿದ್ದರೆ ಮಾಣಿಕ್ಯದ ಕೆಂಪು!

ಸಾಮಾನ್ಯ ಮೀನಾಕ್ಕೆ ಹಿಂದೆ ಲೋಹದ ತಗಡು ಇರುತ್ತದೆ. ಲಾಲೀಕನ ರೆಕ್ಕೆಗಳಿಗೆ ತಗಡೇ ಇಲ್ಲ. ಚಿನ್ನದ ತಂತಿಯ ಚೌಕಟ್ಟು ಮಾತ್ರ. ಅದರ ಕಂಡಿಗಳಲ್ಲಿ ಬಣ್ಣದ ಗಾಜು ತನ್ನಷ್ಟಕ್ಕೆ ನಿಂತಿದೆ. ಫ್ರೆಂಚರು ಇದನ್ನು ‘ಪ್ಲೀಕ್-ಆ-ಜೂರ್’ ಎನ್ನುತ್ತಾರೆ. ಬೆನ್ನಿಲ್ಲದ ಮೀನಾ ಎಂದು ನಾವು ಕರೆಯಬಹುದು. ವಿದ್ಯೆ ಹಳೆಯದೇ. ಅದಕ್ಕೆ ಮತ್ತೆ ಜೀವ ಕೊಟ್ಟು ಎತ್ತರಕ್ಕೇರಿಸಿದವರಲ್ಲಿ ಲಾಲೀಕ್ ಮುಖ್ಯನಾದವನು.

ಗಾಜು ಕೆಳಗೆ ಬೀಳದೆ ನಿಲ್ಲುವುದು ಹೇಗೆ? ಒಂದು ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಮೇಲೆತ್ತಿದರೆ ಬಳೆಯ ತುಂಬ ಪೊರೆ ನಿಲ್ಲುತ್ತದಲ್ಲ, ಅಲ್ಲಿ ಕೆಲಸ ಮಾಡುವ ಮೇಲ್ಮೈ ಎಳೆತವೇ ಇಲ್ಲಿಯೂ ನೆರವಾಗುತ್ತದೆ. ಕಂಡಿ ಚಿಕ್ಕದಾಗಿದ್ದರೆ ಒದ್ದೆ ಪುಡಿ ಅಲ್ಲೇ ಹಿಡಿದು ನಿಲ್ಲುತ್ತದೆ. ಕರಗಿದಾಗಲೂ ಅಂಚುಗಳನ್ನು ಕಚ್ಚಿಕೊಳ್ಳುತ್ತದೆ. ಇನ್ನೊಂದು ಉಪಾಯವೂ ಇದೆ. ಹಿಂದೆ ತೆಳು ತಾಮ್ರದ ಹಾಳೆ ಇಟ್ಟು ಗಾಜು ತುಂಬಿ ಕಾಯಿಸಿ, ಆಮೇಲೆ ಆಮ್ಲದಿಂದ ತಾಮ್ರವನ್ನು ಮಾತ್ರ ಕರಗಿಸಿಬಿಡುವುದು. ಚಿನ್ನ ಆ ಆಮ್ಲಕ್ಕೆ ಜಗ್ಗುವುದಿಲ್ಲ.

ಹೇಳಲು ಸುಲಭ. ಮಾಡಲು ಕೂತರೆ ಹೆಜ್ಜೆ ಹೆಜ್ಜೆಗೂ ಗಂಡಾಂತರ. ಶುದ್ಧ ಚಿನ್ನ 1064 ಡಿಗ್ರಿಯಲ್ಲಿ ಕರಗುತ್ತದೆ. ಬೇರೆ ಲೋಹ ಬೆರೆಸಿದ ಒಡವೆಯ ಚಿನ್ನ ಅದಕ್ಕಿಂತ ಕಡಿಮೆಗೇ ಕರಗುತ್ತದೆ. ಕುಲುಮೆ ಸ್ವಲ್ಪ ಹೆಚ್ಚು ಕಾದರೂ ಗಾಜಿನ ಜತೆ ಚೌಕಟ್ಟೂ ಕುಸಿಯುತ್ತದೆ. ಇನ್ನು ತಣಿಯುವಾಗ ಚಿನ್ನವೂ ಗಾಜೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲವಾದರೆ ಬಿರುಕು. ಹತ್ತು ದಿನದ ಕೆಲಸ ಒಂದು ಚಿಟಿಕೆಯ ಸದ್ದಿನಲ್ಲಿ ಹಾಳು. ವಿಜ್ಞಾನ ಪಾಠದ ‘ಉಷ್ಣದಿಂದ ಹಿಗ್ಗುವಿಕೆ’ ಅಕ್ಕಸಾಲಿಗನಿಗೆ ಬದುಕಿನ ಪ್ರಶ್ನೆ!

ಇಷ್ಟೆಲ್ಲ ಕಷ್ಟಪಟ್ಟು ಆತ ಮಾಡಿದ್ದೇನು? ಏರೋಪ್ಲೇನ್ ಚಿಟ್ಟೆಯ ನಿಜವಾದ ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕಪ್ಪು ನರಗಳ ಬಲೆ, ಒಂದೊಂದು ಕಂಡಿಯಲ್ಲೂ ಬೆಳಕು ಹಾಯುವ ತೆಳು ಪೊರೆ. ಬೆನ್ನಿಲ್ಲದ ಮೀನಾವನ್ನು ಪ್ರಕೃತಿ ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಮಾಡಿಟ್ಟಿತ್ತು. ಲಾಲೀಕ್ ಅದನ್ನು ನೋಡಿದ, ಅಷ್ಟೆ.

ಲಾಲೀಕನ ಹರಳು, ರಾಮನ್ನರ ಪ್ರಶ್ನೆ

ಹರಳುಗಳ ಆಯ್ಕೆಯಲ್ಲೂ ಆತ ಬೆಲೆ ನೋಡಲಿಲ್ಲ, ಬೆಳಕು ನೋಡಿದ. ಅವನಿಗೆ ಪ್ರಿಯವಾದದ್ದು ಓಪಲ್ ಮತ್ತು ಚಂದ್ರಕಾಂತ ಶಿಲೆ. ಓಪಲ್ ಧರಿಸಿದರೆ ಕೇಡು ಎಂಬ ಮೂಢನಂಬಿಕೆ ಆಗಿನ ಯೂರೋಪಿನಲ್ಲಿ ಬಲವಾಗಿತ್ತು. ಲಾಲೀಕ್ ಅದಕ್ಕೆ ಸೊಪ್ಪು ಹಾಕಲಿಲ್ಲ.

ಓಪಲ್‌ಗೆ ಸ್ವಂತ ಬಣ್ಣವೆಂಬುದು ಬಹಳವೇನಿಲ್ಲ. ಆದರೂ ತಿರುಗಿಸಿದಂತೆ ಅದರೊಳಗೆ ಹಸಿರು, ಕೆಂಪು, ನೀಲಿಯ ಕಿಡಿಗಳು ಕುಣಿಯುತ್ತವೆ. ಚಂದ್ರಕಾಂತದಲ್ಲಿ ಬೆಳದಿಂಗಳಿನಂತಹ ನೀಲಿ ಹೊಳಪು ತೇಲುತ್ತದೆ. ಯಾಕೆ ಹೀಗೆ? ಲಾಲೀಕನಿಗೆ ಇದರ ಕಾರಣ ಗೊತ್ತಿರಲು ಸಾಧ್ಯವಿರಲಿಲ್ಲ. ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು, ಸರ್ ಸಿ. ವಿ. ರಾಮನ್. 1948ರಲ್ಲಿ ತಮ್ಮ ಸಂಶೋಧನಾ ಸಂಸ್ಥೆ ಸ್ಥಾಪಿಸಿದ ಮೇಲೆ ರಾಮನ್ನರು ಹರಳು, ಖನಿಜ, ಚಿಪ್ಪುಗಳನ್ನು ಹುಡುಕಿ ಹುಡುಕಿ ಸಂಗ್ರಹಿಸಿದರು. 1950ರ ದಶಕದ ಆರಂಭದಲ್ಲಿ ತಮ್ಮ ಶಿಷ್ಯರೊಡನೆ ಸಿಂಹಳದ ಚಂದ್ರಕಾಂತ ಶಿಲೆಯ ಬಗೆಗೂ ಓಪಲ್‌ನ ಬಗೆಗೂ ಪ್ರಬಂಧಗಳನ್ನು ಪ್ರಕಟಿಸಿದರು. ಸಮುದ್ರದ ನೀಲಿ ಕಂಡು ಬೆರಗಾದ ಕಣ್ಣೇ ಹರಳಿನ ನೀಲಿಯನ್ನೂ ಹಿಂಬಾಲಿಸಿತು.

ಓಪಲ್‌ನ ಗುಟ್ಟು ಪೂರ್ತಿ ಬಯಲಾದದ್ದು 1964ರಲ್ಲಿ. ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರೊಳಗೆ ಸಿಲಿಕಾದ ಪುಟ್ಟ ಗೋಲಿಗಳು ಕಂಡವು. ಸಂತೆಯಲ್ಲಿ ಕಿತ್ತಳೆ ಹಣ್ಣು ಪೇರಿಸಿದಂತೆ ಸಾಲು ಸಾಲಾಗಿ ಜೋಡಣೆಯಾಗಿದ್ದವು. ಒಂದೊಂದು ಗೋಲಿಯೂ ಒಂದು ಮಿಲಿಮೀಟರಿನ ಕೆಲವು ಸಾವಿರದ ಒಂದು ಭಾಗದಷ್ಟು. ಈ ಸಾಲುಗಳ ನಡುವಿನ ಅಂತರ ಬೆಳಕಿನ ಅಲೆಯುದ್ದಕ್ಕೆ ಹೊಂದುವುದರಿಂದ, ನೋಡುವ ಕೋನಕ್ಕೆ ತಕ್ಕಂತೆ ಒಂದೊಂದು ಬಣ್ಣ ಎದ್ದು ಕಾಣುತ್ತದೆ.

ಒಡವೆ ಮಾಡುವವನೊಬ್ಬ, ಭೌತವಿಜ್ಞಾನಿಯೊಬ್ಬರು. ಕಾಲ ಬೇರೆ, ದೇಶ ಬೇರೆ. ಇಬ್ಬರೂ ಒಂದೇ ಕಲ್ಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಒಬ್ಬ ಅದನ್ನು ಹೇಗೆ ತೋರಿಸಲಿ ಎಂದ. ಇನ್ನೊಬ್ಬರು ಯಾಕೆ ಹೀಗೆ ಎಂದರು. ಮೊದಲಿಗೆ ಬೇಕಾದದ್ದು ಇಬ್ಬರಿಗೂ ಒಂದೇ: ಬೆರಗು.

ಕೊಂಬಿನ ಕತೆಯೂ ಹೀಗೆಯೇ. ದನದ ಕೊಂಬು ನಮ್ಮ ಉಗುರು, ಕೂದಲುಗಳಂತೆ ಕೆರಟಿನ್ ಎಂಬ ಪ್ರೋಟೀನಿನಿಂದಾದದ್ದು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಬೇಕಾದಂತೆ ಬಾಗುತ್ತದೆ, ತಣಿದ ಮೇಲೆ ಹಾಗೆಯೇ ನಿಲ್ಲುತ್ತದೆ. ತೆಳುವಾಗಿ ಕೊರೆದರೆ ಬೆಳಕೂ ಹಾಯುತ್ತದೆ. ಗುಂಡಿಗೂ ಅಗ್ಗದ ಬಾಚಣಿಗೆಗೂ ಬಳಸುತ್ತಿದ್ದ ಈ ವಸ್ತುವನ್ನು ಲಾಲೀಕ್ ಚಿನ್ನದ ಪಕ್ಕದಲ್ಲಿ ಕೂರಿಸಿದ.

ಯಂತ್ರವನ್ನೂ ಆತ ದೂರ ಇಡಲಿಲ್ಲ. ನಾಲ್ಕು ಪಟ್ಟಿಗಳನ್ನು ಜೋಡಿಸಿ ನಕ್ಷೆಯನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಪ್ಯಾಂಟೋಗ್ರಾಫ್ ಉಪಕರಣವನ್ನು ಚಿತ್ರಕಲೆಯ ವಿದ್ಯಾರ್ಥಿಗಳು ಬಲ್ಲರು. ಅದೇ ತತ್ವದ ಯಂತ್ರವೊಂದನ್ನು ಆಗ ನಾಣ್ಯ, ಪದಕಗಳ ಅಚ್ಚು ಮಾಡಲು ಬಳಸುತ್ತಿದ್ದರು. ಅದರ ಒಂದು ಮುಳ್ಳು ದೊಡ್ಡ ಮಾದರಿಯ ಮೇಲೆ ಹರಿದಾಡಿದಂತೆ, ಇನ್ನೊಂದು ತುದಿಯ ಉಳಿ ಚಿಕ್ಕ ಗಾತ್ರದಲ್ಲಿ ಅದನ್ನೇ ಕೊರೆಯುತ್ತದೆ. ಲಾಲೀಕ್ ಇದನ್ನು ಆಭರಣಕ್ಕೆ ತಂದ. ಅಂಗೈಯಗಲದ ಮಾದರಿಯಲ್ಲಿ ಕೆತ್ತಿದ ಮುಖ, ಬೆರಳ ಉಗುರಿನಷ್ಟು ಚಿಕ್ಕದಾದರೂ ಕಣ್ಣು ಮೂಗು ಕೆಡುತ್ತಿರಲಿಲ್ಲ.

ಮೇಲೇರಿದ ಮೇಲೆ ದಾರಿ ಬದಲು

ಕೀರ್ತಿ ಬಂತು. ಆ ಕಾಲದ ಮಹಾನಟಿ ಸಾರಾ ಬರ್ನಾರ್ಡ್ ಆತನ ಒಡವೆಗಳನ್ನು ರಂಗದ ಮೇಲೆ ತೊಟ್ಟಳು. ತೈಲ ವ್ಯಾಪಾರದಿಂದ ಶ್ರೀಮಂತನಾದ ಕಲೂಸ್ತ್ ಗುಲ್ಬೆಂಕಿಯನ್ ನೂರಕ್ಕೂ ಹೆಚ್ಚು ಕೃತಿಗಳನ್ನು ಕೊಂಡ. ಏರೋಪ್ಲೇನ್ ಚಿಟ್ಟೆಯ ಆ ಪದಕವೂ ಅವುಗಳಲ್ಲೊಂದು. ಫ್ರಾನ್ಸ್ ಸರಕಾರ ಗೌರವ ಪದವಿಗಳನ್ನು ಕೊಟ್ಟಿತು. 1905ರಲ್ಲಿ ಪ್ಯಾರಿಸ್‌ನ ಶ್ರೀಮಂತ ಚೌಕವಾದ ಪ್ಲಾಸ್ ವಾಂಡೋಮ್‌ನಲ್ಲಿ ಅಂಗಡಿಯೂ ಆಯಿತು.

ಹೆಸರು ಬಂದ ಕಡೆ ನಕಲು ತಪ್ಪುವುದಿಲ್ಲ. ಲಾಲೀಕನ ಹೂವು, ಹುಳು, ಕೂದಲು ಹರಡಿದ ಹೆಣ್ಣುಗಳು ಅಗ್ಗದ ರೂಪದಲ್ಲಿ ಎಲ್ಲೆಲ್ಲೂ ಕಾಣತೊಡಗಿದವು. ಅವನ ಒಡವೆಗಳಿಗೂ ಕುಂದುಗಳಿದ್ದವು. ನಾಜೂಕು ಹೆಚ್ಚು, ತೊಟ್ಟು ತಿರುಗಲು ಕಷ್ಟ, ಬೆಲೆ ಸಾಮಾನ್ಯರಿಗೆ ಎಟುಕದ್ದು. ಜನರ ಅಭಿರುಚಿಯೂ ಬದಲಾಗುತ್ತಿತ್ತು. ಹಳೆಯ ಯಶಸ್ಸನ್ನೇ ಮತ್ತೆ ಮತ್ತೆ ಮಾಡಿ ಹಣ ಮಾಡಬಹುದಿತ್ತು. ಲಾಲೀಕ್ ಹಾಗೆ ಮಾಡಲಿಲ್ಲ. ಒಡವೆಗಾಗಿ ಹಲವು ವರ್ಷಗಳಿಂದ ಪ್ರಯೋಗ ಮಾಡುತ್ತಿದ್ದ ಗಾಜಿನ ಕಡೆ ಪೂರ್ತಿಯಾಗಿ ಹೊರಳಿದ. ಆಗ ಆತನ ವಯಸ್ಸು 50ರ ಹತ್ತಿರ!

ನೆಪವಾದದ್ದು ಅತ್ತರಿನ ವ್ಯಾಪಾರಿ ಫ್ರಾನ್ಸ್ವಾ ಕೋಟಿ. 1907ರ ಸುಮಾರಿಗೆ ಆತ ಲಾಲೀಕನಿಂದ ಸೀಸೆಗಳ ವಿನ್ಯಾಸ ಮಾಡಿಸತೊಡಗಿದ. ಅಲ್ಲಿಯವರೆಗೆ ಅತ್ತರು ಬಹುಮಟ್ಟಿಗೆ ಔಷಧದಂಗಡಿಯ ಸೀಸೆಗಳಂತಹ ಸಾದಾ ಸೀಸೆಗಳಲ್ಲಿ ಬರುತ್ತಿತ್ತು. ಲಾಲೀಕ್ ಉಕ್ಕಿನ ಅಚ್ಚುಗಳನ್ನು ಮಾಡಿಸಿ, ಅದರೊಳಗೆ ಕಾದ ಗಾಜನ್ನು ಒತ್ತಿ, ಊದಿ, ಒಂದೇ ಅಂದದ ಸಾವಿರಾರು ಸೀಸೆಗಳನ್ನು ಹೊರತಂದ. 1909ರಲ್ಲಿ ಪ್ಯಾರಿಸ್ ಹತ್ತಿರದ ಕೋಂಬ್-ಲಾ-ವಿಲ್‌ನಲ್ಲಿ ಗಾಜಿನ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು, 1913ರಲ್ಲಿ ಕೊಂಡೇಬಿಟ್ಟ. ಒಬ್ಬ ರಾಣಿಗೆ ಒಂದು ಪದಕ ಮಾಡುತ್ತಿದ್ದ ಕೈ ಈಗ ಸಾವಿರ ಮನೆಗಳ ಮೇಜಿಗೆ ಒಂದು ಅಂದದ ಸೀಸೆ ಮಾಡಿತು.

ಮೊದಲ ಮಹಾಯುದ್ಧದಲ್ಲಿ ಕಾರ್ಖಾನೆ ಆಸ್ಪತ್ರೆಗಳಿಗೂ ಔಷಧಾಲಯಗಳಿಗೂ ಬೇಕಾದ ಸಾದಾ ಗಾಜಿನ ಸಾಮಾನು ಮಾಡಿತು. ಯುದ್ಧ ಮುಗಿದ ಮೇಲೆ, 1921ರಲ್ಲಿ ಆಲ್ಸೇಸ್ ಪ್ರಾಂತದ ವಿಂಜೆನ್ ಎಂಬ ಊರಿನಲ್ಲಿ ಹೊಸ ಕಾರ್ಖಾನೆಯ ಕೆಲಸ ಶುರುವಾಯಿತು. ಹೂದಾನಿ, ದೀಪ, ತಟ್ಟೆ, ಕಾರಿನ ಮೂತಿಗೆ ಕೂರಿಸುವ ಗಾಜಿನ ಬೊಂಬೆ ಎಲ್ಲವೂ ಬಂದವು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಸುಮಾರು 15 ಮೀಟರ್ ಎತ್ತರದ ಗಾಜಿನ ಕಾರಂಜಿಯೇ ಎದ್ದುನಿಂತಿತು. 1935ರಲ್ಲಿ ಮೊದಲ ಯಾನ ಹೊರಟ ‘ನಾರ್ಮಂಡಿ’ ಹಡಗಿನ ಭೋಜನಶಾಲೆಗೆ ಕಿಟಕಿಗಳೇ ಇರಲಿಲ್ಲ. ಅದನ್ನು ಬೆಳಗಿದ್ದು ಲಾಲೀಕನ ಗಾಜಿನ ದೀಪಸ್ತಂಭಗಳು.

ಕೊನೆಗಾಲ ಮಾತ್ರ ಸುಖದ್ದಾಗಿರಲಿಲ್ಲ. 1940ರಲ್ಲಿ ಜರ್ಮನ್ ಸೇನೆ ಆಲ್ಸೇಸನ್ನು ಹಿಡಿದಾಗ ಕಾರ್ಖಾನೆ ಕೈತಪ್ಪಿತು, ಕುಲುಮೆ ಆರಿತು. 1945ರ ಮೇ ತಿಂಗಳಲ್ಲಿ, ಯೂರೋಪಿನಲ್ಲಿ ಯುದ್ಧ ಮುಗಿಯುತ್ತಿದ್ದ ದಿನಗಳಲ್ಲೇ, ಲಾಲೀಕ್ ಪ್ಯಾರಿಸ್‌ನಲ್ಲಿ ತೀರಿಕೊಂಡ. ತನ್ನ ಕುಲುಮೆ ಮತ್ತೆ ಉರಿದದ್ದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಕಾರ್ಖಾನೆಯನ್ನು ಮತ್ತೆ ಎಬ್ಬಿಸಿದವನು ಮಗ ಮಾರ್ಕ್. ಅದೇ ಊರಿನಲ್ಲಿ 2011ರಲ್ಲಿ ಲಾಲೀಕನ ಹೆಸರಿನ ವಸ್ತುಸಂಗ್ರಹಾಲಯವೂ ತೆರೆಯಿತು.

ಕರಗಿಸಲಾಗದ ಚಿನ್ನ

ಈಗ ಮತ್ತೆ ಅಕ್ಕಸಾಲಿಗನ ತಕ್ಕಡಿಗೆ ಬರೋಣ. ಲಾಲೀಕನ ಕಾಲದ ವಜ್ರದ ಹಾರಗಳಲ್ಲಿ ಎಷ್ಟೋ ಹಾರಗಳು ಇಂದು ಇಲ್ಲ. ಫ್ಯಾಷನ್ ಬದಲಾದಾಗ ಮೊಮ್ಮಕ್ಕಳು ಹರಳು ಬಿಚ್ಚಿಸಿ, ಲೋಹ ಕರಗಿಸಿ, ಹೊಸದು ಮಾಡಿಸಿಕೊಂಡರು. ಬೆಲೆ ಇದ್ದದ್ದು ವಸ್ತುವಿಗೆ, ಆದ್ದರಿಂದ ಉಳಿದದ್ದೂ ವಸ್ತುವೇ. ಲಾಲೀಕನ ಬಾಚಣಿಗೆಯನ್ನು ಯಾರು ಕರಗಿಸುತ್ತಾರೆ? ಕೊಂಬು ಕಾಯಿಸಿದರೆ ಸುಟ್ಟ ವಾಸನೆ ಬಿಟ್ಟು ಬೇರೇನೂ ಸಿಗದು! ಮೀನಾ ಕುಟ್ಟಿದರೆ ಸಿಗುವುದು ಒಂದು ಚಮಚ ಗಾಜಿನ ಪುಡಿ. ಅದರ ಬೆಲೆಯೆಲ್ಲ ಅದರ ಕೆಲಸದಲ್ಲೇ ಇತ್ತು. ಹಾಗಾಗಿ ಕೆಲಸವೇ ಉಳಿಯಿತು. ಲಿಸ್ಬನ್ ನಗರದಲ್ಲಿ 1969ರಲ್ಲಿ ಬಾಗಿಲು ತೆರೆದ ಗುಲ್ಬೆಂಕಿಯನ್ ವಸ್ತುಸಂಗ್ರಹಾಲಯದಲ್ಲಿ ಆ ಏರೋಪ್ಲೇನ್ ಚಿಟ್ಟೆ ಇಂದಿಗೂ ರೆಕ್ಕೆ ಬಿಚ್ಚಿಕೊಂಡಿದೆ.

ಮಕ್ಕಳ ವಿಷಯದಲ್ಲೂ ನಾವು ಆಗಾಗ ತಕ್ಕಡಿ ಹಿಡಿಯುತ್ತೇವೆ. ಎಷ್ಟು ಅಂಕ, ಯಾವ ಕೋರ್ಸು, ಎಷ್ಟು ಸಂಬಳ ಎಂದು. ಲೆಕ್ಕ ಬೇಡವೆಂದಲ್ಲ, ಲಾಲೀಕನ ಮನೆಯವರೂ ಅವನನ್ನು ಕಸುಬಿಗೇ ಕಳುಹಿಸಿದರು. ಆದರೆ ಪೆನ್ಸಿಲ್ ಕಿತ್ತುಕೊಳ್ಳಲಿಲ್ಲ. ಹೊಳೆಯ ದಂಡೆಯಲ್ಲಿ ಹುಳು ನೋಡುತ್ತ ಕುಳಿತಿದ್ದ ಹುಡುಗನನ್ನು ‘ಹೊತ್ತು ಹಾಳು ಮಾಡುತ್ತಿದ್ದಾನೆ’ ಎಂದು ಎಬ್ಬಿಸಿದ್ದರೆ ಏನಾಗುತ್ತಿತ್ತು? ಮಗ ಅಥವಾ ಮಗಳು ಹಿತ್ತಲಿನಲ್ಲಿ ಜೇಡರ ಬಲೆಯ ಮುಂದೆ ಮೈಮರೆತು ನಿಂತಾಗ, ಒಳಗೆ ಕರೆಯುವ ಮುನ್ನ ಐದು ನಿಮಿಷ ಕಾಯಬಹುದು. ಆ ಐದು ನಿಮಿಷದ ತೂಕ ಯಾವ ತಕ್ಕಡಿಗೂ ಸಿಗದು.

ಮಾಡಿ ನೋಡಿ

ಲಾಲೀಕನ ಗಾಜಿನಲ್ಲೊಂದು ಬಗೆಯಿದೆ, ಹಾಲುಗಾಜು ಎನ್ನೋಣ. ಮೇಲಿನಿಂದ ನೋಡಿದರೆ ನೀಲಿ ಛಾಯೆ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಗಾಜು ಒಂದೇ, ಬಣ್ಣ ಎರಡು! ಕಾರಣವನ್ನು ನಿಮ್ಮ ಮನೆಯಲ್ಲೇ ಕಾಣಬಹುದು. ಪಾರದರ್ಶಕ ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ನಾಲ್ಕಾರು ಹನಿ ಹಾಲು ಹಾಕಿ ಕಲಕಿ. ಕತ್ತಲೆ ಕೋಣೆಯಲ್ಲಿ ಒಂದು ಬದಿಯಿಂದ ಬಿಳಿ ಬೆಳಕಿನ ಟಾರ್ಚ್ ಹಿಡಿಯಿರಿ. ಬೆಳಕಿನ ದಾರಿಗೆ ಅಡ್ಡಲಾಗಿ, ಪಕ್ಕದಿಂದ ನೋಡಿದರೆ ನೀರು ತುಸು ನೀಲಿ. ಟಾರ್ಚಿನ ಎದುರುಬದಿಯಲ್ಲಿ ಬಿಳಿ ಕಾಗದ ಹಿಡಿದರೆ ಅದರ ಮೇಲೆ ಬೀಳುವ ಬೆಳಕು ಹಳದಿ, ಕಿತ್ತಳೆಯ ಕಡೆಗೆ ವಾಲಿರುತ್ತದೆ. ಬಣ್ಣ ಸರಿಯಾಗಿ ಕಾಣದಿದ್ದರೆ ಇನ್ನೊಂದೆರಡು ಹನಿ ಹಾಕಿ.

ಹಾಲಿನ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಸುತ್ತಲೂ ಚದುರಿಸುತ್ತವೆ. ನೇರವಾಗಿ ಹಾಯ್ದು ಬರುವ ಬೆಳಕಿನಲ್ಲಿ ಕಿತ್ತಳೆ, ಕೆಂಪು ಹೆಚ್ಚಾಗಿ ಉಳಿಯುತ್ತದೆ. ಲಾಲೀಕನ ಗಾಜಿನೊಳಗೂ ಇಂತಹ ಸೂಕ್ಷ್ಮ ಕಣಗಳಿವೆ. ಹಗಲಿನ ಆಕಾಶ ನೀಲಿಯಾಗಿ, ಮುಳುಗುವ ಸೂರ್ಯ ಕೆಂಪಾಗಿ ಕಾಣುವುದೂ ಈ ಚದುರುವಿಕೆಯಿಂದಲೇ. ಅಲ್ಲಿ ಕೆಲಸ ಮಾಡುವುದು ಗಾಳಿಯ ಅಣುಗಳು.

ನಾಳೆ ಸಂಜೆ ಸೂರ್ಯ ಮುಳುಗುವಾಗ ಒಮ್ಮೆ ಹೊರಗೆ ಬನ್ನಿ. ಕೈಯಲ್ಲೊಂದು ಪೆನ್ಸಿಲ್ ಇರಲಿ.